ಸೇಬಿಗೆ ಬಿದ್ದ ಒಗ್ಗರಣೆ

ನಮ್ಮ ಸೊಸೆ ದಾಕ್ಷಾಯಿಣಿ ಬಿ.ಜಿ. ಕೆರೆ ಹುಡುಗಿ. ಹಟ ಅಂದ್ರೆ ಹಟ. ನಾನೇನು ಕಮ್ಮಿ ಇಲ್ಲ ಬಿಡ್ರಿ, ಈ ಮಂಜುಳಮ್ಮನ ಬಾಯಿಗೆ ಹೆದರದೋರು ಚಳ್ಳಕೆರೆಯ ನಮ್ಮ ಬೀದೀಲಿ ಯಾರೂ ಇಲ್ಲ.

ಹೋದ ವರ್ಷ ಅವಳು ಕೇಕ್ ಮಾಡೋ ಓವನ್ ತಂದು ಅಡುಗೆಮನೆ ಕಟ್ಟೆ ಮೇಲಿಟ್ಟಳು. ನಾನು ಲಿಂಗ ಕಟ್ಟಿದೋಳು. "ನಮ್ಮ ಹೊಸ್ತಿಲು ಮೊಟ್ಟೆ ದಾಟಂಗಿಲ್ಲ" ಅಂದೆ. "ದಾಟಲ್ಲ ಅತ್ತೆ, ಮೊಟ್ಟೆ ಬದಲು ಸೇಬು ಹಾಕ್ತೀನಿ" ಅಂದಳು. ಸೇಬು ಬೇಯಿಸಿ, ನುಣ್ಣಗೆ ಅರೆದು ಹಿಟ್ಟಿಗೆ ಕಲಸೋದಂತೆ, ಫೋನಲ್ಲಿ ನೋಡಿದ್ಲಂತೆ. ಮೂರು ಸಲ ಮಾಡಿದಳು. ಮೂರು ಸಲಾನೂ ಮೇಲೆ ಕೆಂಪಗೆ, ಒಳಗೆ ಹಸಿ ಮುದ್ದೆ. ಪಕ್ಕದ ಮನೆ ಎಮ್ಮೆ ತಿಂತು. ನನಗೆ ರೇಗಿತು. "ಇನ್ನೊಂದು ಸಲ ಕೆಟ್ರೆ ಈ ಡಬ್ಬ ಅಟ್ಟಕ್ಕೆ ಹೋಗುತ್ತೆ ನೋಡು" ಅಂದೆ. "ಆಯ್ತು ಅತ್ತೆ" ಅಂದಳು, ಅಷ್ಟೇ. ಜಗಳ ಆಡಿದ್ರೆ ನನಗೆ ಸಮಾಧಾನ ಆಗ್ತಿತ್ತು.

ಅಷ್ಟರಲ್ಲಿ ಕುದಾಪುರದ ವಿಜ್ಞಾನ ಸಂಸ್ಥೆ ಕ್ಯಾಂಪಸ್ಸಿಂದ ಆಶಾ ಅನ್ನೋರು, ಇವಳು ಕೇಕ್ ಮಾಡ್ತಾಳೆ ಅಂತ ಯಾರಿಂದಲೋ ಕೇಳಿ, ಫೋನ್ ಮಾಡಿದ್ರು. ಮಗಳ ಮೊದಲ ಹುಟ್ಟುಹಬ್ಬ, ಮೊಟ್ಟೆ ಇಲ್ಲದ ಕೇಕೇ ಬೇಕು, ಭಾನುವಾರ ಸಂಜೆ ಐದಕ್ಕೆ. ಇವಳು ಒಪ್ಪಿಕೊಂಡೇ ಬಿಟ್ಟಳು.

ಭಾನುವಾರ ಬೆಳಿಗ್ಗೆ ಸೇಬು ಬೇಯಿಸಿ ಅರೆದಿಟ್ಟು ಸ್ನಾನಕ್ಕೆ ಹೋದಳು. ಅವಳು ಕೇಕ್ ಮಾಡೋವಾಗ ನಾನು ಅತ್ಲಾಗೆ ತಲೇನೂ ಹಾಕ್ತಿರಲಿಲ್ಲ, ಅರೆದ ಸೇಬು ಹೆಂಗಿರುತ್ತೆ ಅಂತ ಕಂಡೋಳೇ ಅಲ್ಲ. ರೊಟ್ಟಿ ತಟ್ಟೋಕೆ ಬಂದರೆ ಪಾತ್ರೇಲಿ ಯಾವುದೋ ಗೊಜ್ಜು. ನೀರು ನೀರು, ಉಪ್ಪಿಲ್ಲ, ಖಾರ ಇಲ್ಲ. ಪಾಪ, ಕೇಕಿನ ಚಿಂತೇಲಿ ಒಗ್ಗರಣೆ ಮರೆತಿದಾಳೆ ಅಂದ್ಕೊಂಡೆ. ಬಾಣಲೀಗೆ ಸುರಿದು ಗಟ್ಟಿ ಮಾಡಿದೆ. ಉಪ್ಪು ಹಾಕಿ, ಸಾಸಿವೆ, ಒಣಮೆಣಸಿನಕಾಯಿ, ಇಂಗು ಚಟಪಟ ಅನ್ನಿಸಿದೆ.

ತಲೆಗೆ ಟವಲ್ ಸುತ್ಕೊಂಡು ಬಂದವಳು ನಿಂತೇ ಬಿಟ್ಟಳು. "ಅತ್ತೆ, ಅದು ಕೇಕಿನ ಸೇಬು."

ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಬೇಕಂತಲೇ ಕೆಡಿಸಿದೆ ಅಂದ್ಕೊಂಡಾಳು ಅಂತ ನಿಜಕ್ಕೂ ಹೆದರಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಸೌಟಲ್ಲಿ ಎತ್ತಿ ಬಗ್ಗಿಸಿದಳು. ಅದು ಬೀಳಲಿಲ್ಲ, ಸೌಟಿಗೇ ಅಂಟಿತ್ತು.

"ಇದರ ನೀರೆಲ್ಲ ಎಲ್ಲಿ ಹೋಯ್ತು?"

"ಇಂಗಿಸಿದೆ ಕಣೆ. ಗೊಜ್ಜು ಅಂದಮೇಲೆ ನೀರು ಬಿಡಬಾರದು."

"ಹಂಗಾದ್ರೆ ನನ್ನ ಕೇಕ್ ಒಳಗೆ ಹಸಿ ಉಳಿಯೋದು ಇದಕ್ಕೇ" ಅಂದವಳೇ ಚೀಲ ಹಿಡಿದು ಬಿಸಿಲಲ್ಲಿ ಮಾರ್ಕೆಟ್ಟಿಗೆ ನಡೆದಳು. ಹೊಸ ಸೇಬು ತಂದು, ಬೇಯಿಸಿ ಅರೆದು, ನನ್ನನ್ನೇ ಒಲೆ ಮುಂದೆ ನಿಲ್ಲಿಸಿದಳು.

"ಹಂಗೇ ಇಂಗಿಸಿ ಕೊಡ್ರಿ. ಸಾಸಿವೆ ಡಬ್ಬಿ ಮಾತ್ರ ನನ್ನ ಹತ್ರ ಇರಲಿ."

ಮೂರು ಗಂಟೆಗೆ ಕೇಕ್ ಉಬ್ಬಿ ನಿಂತಿತ್ತು. ಕಡ್ಡಿ ಚುಚ್ಚಿದಳು, ಹಿಟ್ಟು ಅಂಟದೆ ಈಚೆ ಬಂತು. ನನ್ನ ಮಗ ಓಂಕಾರಮೂರ್ತಿ ಕುದಾಪುರಕ್ಕೆ ತಗೊಂಡು ಹೋದ. ನನಗೆ ಅಂತಲೇ ಒಂದು ಬಟ್ಟಲಲ್ಲಿ ಬೇರೆ ಬೇಯಿಸಿದ್ದಳು. ಅರವತ್ತಾರು ವರ್ಷಕ್ಕೆ ಮೊದಲನೇ ಸಲ ಕೇಕ್ ಬಾಯಿಗಿಟ್ಟೆ. ಚೆನ್ನಾಗಿತ್ತು. ಬೆಳಿಗ್ಗೆಯ ಗೊಜ್ಜೂ ರೊಟ್ಟಿ ಜೊತೆ ಖರ್ಚಾಯ್ತು.

ಮಾರನೇ ದಿನ ಮಗನ ಕೈಲಿ ಅಟ್ಟಕ್ಕೆ ಏಣಿ ಹಾಕಿಸಿದೆ. ದಾಕ್ಷಾಯಿಣಿ ಓಡಿ ಬಂದು ಓವನ್ನಿಗೆ ಅಡ್ಡ ನಿಂತಳು.

"ಸ್ವಲ್ಪ ಸರಿ ಅತ್ಲಾಗೆ" ಅಂದೆ. ನಮ್ಮತ್ತೆ ಕಾಲದಿಂದ ಕಟ್ಟೆ ಮೇಲಿದ್ದ ಉಪ್ಪಿನಕಾಯಿ ಜಾಡಿಗಳನ್ನ ಒಂದೊಂದೇ ಎತ್ತಿ ಮಗನ ಕೈಗೆ ಕೊಟ್ಟೆ. "ನಿನ್ನ ಡಬ್ಬಕ್ಕೆ ಜಾಗ ಸಾಲದು ಕಣೆ."