ಬೇಳೆಗೆ ಮೂರು ರೂಪಾಯಿ ಹೆಚ್ಚು

ನನ್ನ ಅಮ್ಮನಿಗೆ ಕುಣಿಗಲ್ ಬಸ್ಸು ತಪ್ಪಿಸಿದವಳು ನಾನೇ. ಆಗ ನನಗೆ ಹದಿನೈದು ವರ್ಷ. ಗಣಿತದಲ್ಲಿ ಕ್ಲಾಸಿಗೇ ಮುಂದು, ಅಂಗಡಿ ಚೀಟಿಯಲ್ಲಿ ತಪ್ಪು ಹಿಡಿಯುವುದರಲ್ಲಿ ಅಪ್ಪನ ಬಲಗೈ. ಆ ಬುದ್ಧಿವಂತಿಕೆಗೆ ಬೆಂಕಿ ಬೀಳಲಿ ಎಂದು ಈಗಲೂ ಬೈದುಕೊಳ್ಳುತ್ತೇನೆ.

ತೊಂಬತ್ತರ ದಶಕದ ನಡುಭಾಗ. ತುಮಕೂರಿನಲ್ಲಿ ನಮ್ಮದು ಬಾಡಿಗೆ ಮನೆ, ಅಪ್ಪನಿಗೆ ಗುಮಾಸ್ತೆ ಕೆಲಸ. ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಲಕ್ವ ಹೊಡೆದು ಕುಣಿಗಲ್‌ನಲ್ಲಿ ಹಾಸಿಗೆ ಹಿಡಿದಿದ್ದರು. ಗುಬ್ಬಿಯ ಒಂದು ಸೈಟಿನ ವಿಚಾರಕ್ಕೆ ದೊಡ್ಡಪ್ಪನಿಗೂ ಅಪ್ಪನಿಗೂ ಹೊಡೆದಾಟವಾಗಿ, ಆ ಮನೆಯ ಹೊಸಿಲು ತುಳಿದವರ ಕಾಲು ಮುರಿಯುತ್ತೇನೆಂದು ಅಪ್ಪ ಹೇಳಿಬಿಟ್ಟಿದ್ದ. ಹೇಳಿದ್ದನ್ನು ಮಾಡುವ ಮನುಷ್ಯ. ಅಮ್ಮನ ಕೈಗೆ ಒಂದು ರೂಪಾಯಿಯನ್ನೂ ಸುಮ್ಮನೆ ಕೊಡುತ್ತಿರಲಿಲ್ಲ. ತಿಂಗಳ ಮೊದಲ ಶನಿವಾರ ಸಾಮಾನಿನ ಜೊತೆ ಚೀಟಿ ಬರಬೇಕು, ನಾನು ಕೂಡಿ ನೋಡಬೇಕು, ಭಾನುವಾರ ಅಮ್ಮ ಹೋಗಿ ಚೀಟಿಯಲ್ಲಿದ್ದಷ್ಟನ್ನು ಕಟ್ಟಿ ಬರಬೇಕು. ಹಳೆಯ ಚೀಟಿಗಳನ್ನು ಅಡುಗೆಮನೆ ಬಾಗಿಲ ಹಿಂದಿನ ತಂತಿಗೆ ಚುಚ್ಚಿಡುವುದೂ ನನ್ನ ಕೆಲಸವೇ.

ಈ ಬಿಗಿಯೊಳಗೂ ಅಮ್ಮ ಒಂದು ದಾರಿ ಮಾಡಿಕೊಂಡಿದ್ದಳು. ಅಂಗಡಿಯವರು ನಮ್ಮ ಬೇಳೆ, ಎಣ್ಣೆ, ಸಕ್ಕರೆಗೆ ಕೆಜಿಗೆ ಮೂರು ರೂಪಾಯಿ ಹೆಚ್ಚಿಗೆ ಬರೆಯುವುದು. ದುಡ್ಡು ಕಟ್ಟಿದಾಗ ಆ ಹೆಚ್ಚಿನದನ್ನು ಅಮ್ಮನ ಕೈಗೆ ವಾಪಸ್ ಹಾಕುವುದು. ನಮ್ಮ ಬೀದಿಯ ಅರ್ಧ ಹೆಂಗಸರು ಹೀಗೆಯೇ ಸೀರೆಗೋ ಓಲೆಗೋ ಎತ್ತಿಡುತ್ತಿದ್ದರಂತೆ. ಅಮ್ಮ ಮಾತ್ರ ಮಠಕ್ಕೆ ಹೋಗುತ್ತೇನೆಂದು ಸುಳ್ಳು ಹೇಳಿ, ತಿಂಗಳಿಗೊಮ್ಮೆ ಕುಣಿಗಲ್‌ಗೆ ಹೋಗಿ ಅಕ್ಕನಿಗೆ ಸ್ನಾನ ಮಾಡಿಸಿ ತಲೆ ಬಾಚಿ ಬರುತ್ತಿದ್ದಳು. ಇದು ನನಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ತಮ್ಮ ಚೀಟಿ ಕೂಡಿಸಿಕೊಡು ಎಂದು ಬಂದರು. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು, ಅವರು ಯಾರಿಗೂ ಹೆದರಿ ದುಡ್ಡು ಬಚ್ಚಿಡಬೇಕಾಗಿರಲಿಲ್ಲ. ಅದೇ ಅಂಗಡಿ, ಅದೇ ತಾರೀಖು, ಆದರೆ ಬೇಳೆಯ ರೇಟು ನಮಗಿಂತ ಮೂರು ರೂಪಾಯಿ ಕಡಿಮೆ. ಅಜ್ಜಿಯ ಹಳೆಯ ಚೀಟಿಗಳನ್ನೂ ತರಿಸಿ ನಮ್ಮ ತಂತಿಯಲ್ಲಿದ್ದವುಗಳ ಜೊತೆ ಹೋಲಿಸಿದೆ. ಎಂಟು ತಿಂಗಳಿಂದ ಇದೇ ಕಥೆ. ಅಮ್ಮ ನಲ್ಲಿ ನೀರಿಗೆ ಹೋಗಿದ್ದಳು. ನಾನು ಕುಣಿಯುತ್ತಾ ಹೋಗಿ ಅಪ್ಪನಿಗೆ ತೋರಿಸಿದೆ.

ಅಪ್ಪ ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಟ. ಹಿಂದೆಯೇ ನಾನು.

"ಏನ್ಲಾ ಇದು? ಒಬ್ಬೊಬ್ರಿಗೆ ಒಂದೊಂದು ರೇಟೇನ್ಲಾ?"

ಅಂಗಡಿಯವರು ಎರಡೂ ಚೀಟಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಕೈತಪ್ಪಿ ಬರ್ದಿದೀನಿ ಸಾರ್. ಸರಿ ಮಾಡಿ ಕೊಡ್ತೀನಿ, ತನ್ನಿ."

ಅಷ್ಟಕ್ಕೇ ಮುಗಿಯುತ್ತಿತ್ತು. ನಾನು ಬಿಡಬೇಕಲ್ಲ.

"ಕೈತಪ್ಪಿ ಅಲ್ಲ ಕಣಪ್ಪ. ಎಂಟು ತಿಂಗ್ಳಿಂದ ಹಿಂಗೇ ಬರೀತಾವ್ರೆ."

ಅಪ್ಪ ಅಂಗಡಿಯವರ ಕೊರಳಪಟ್ಟಿ ಹಿಡಿದು ಮೂಟೆಗಳ ಮೇಲಿಂದ ಈಚೆಗೆ ಎಳೆದ. ಮೊದಲ ಏಟು ಕೆನ್ನೆಗೆ, ಎರಡನೆಯದು ಕಿವಿಯ ಬುಡಕ್ಕೆ. ಮೂರನೆಯದಕ್ಕೆ ಅವರ ತಲೆ ತೂಗುಬಿಟ್ಟಿದ್ದ ತಕ್ಕಡಿಯ ತಟ್ಟೆಗೆ ಬಡಿದು ಹುಬ್ಬು ಸೀಳಿತು. ರಕ್ತ ಮೂಗಿನ ಪಕ್ಕದಲ್ಲಿ ಇಳಿದು ತೆರೆದಿಟ್ಟ ಅಕ್ಕಿಯ ಮೇಲೆ ಬಿತ್ತು. ಕೆಳಗೆ ಬಿದ್ದವರನ್ನು ಅಪ್ಪ ಒದ್ದ. ಜನ ಬಂದು ಹಿಡಿಯುವವರೆಗೂ ಒದ್ದ. ಅಮ್ಮ ಬರೆಸಿದ್ದು ಎಂದು ಒಂದು ಮಾತು ಹೇಳಿದ್ದರೆ ಅವರಿಗೆ ಏಟು ತಪ್ಪುತ್ತಿತ್ತು. ಹೇಳಲಿಲ್ಲ. ನಿಜ ಹೇಳುತ್ತೇನೆ, ನನಗೆ ಖುಷಿಯಾಗಿತ್ತು. "ಕಳ್ಳ" ಎಂದು ನಾನೂ ಒಮ್ಮೆ ಕೂಗಿದೆ.

ಮನೆಗೆ ಬಂದಾಗ ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಅಪ್ಪ ಹೇಳಿದ್ದನ್ನೆಲ್ಲ ತಲೆ ಎತ್ತದೆ ಕೇಳಿಸಿಕೊಂಡಳು.

"ರಕ್ತ ಬಂತಾ?"

"ಬರ್ದೆ ಇನ್ನೇನು? ನಿನ್ನ ಮಗಳು ಹಿಡಿದ್ಲು ಕಣೇ ಕಳ್ಳನ್ನ."

ಅಮ್ಮ ಮೊರ ಪಕ್ಕಕ್ಕಿಟ್ಟು ಎದ್ದು ನಿಂತಳು. "ಆವಯ್ಯ ಕಳ್ಳ ಅಲ್ಲ. ಹೆಚ್ಗೆ ಬರೀರಿ ಅಂತ ಹೇಳ್ದೋಳು ನಾನು. ಆ ದುಡ್ಡಲ್ಲಿ ನಮ್ಮಕ್ಕನ್ನ ನೋಡ್ಕೊಂಡು ಬರ್ತಿದ್ದೆ."

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ತನಗಾಗಿ ಏಟು ತಿಂದವರನ್ನು ಬೀದಿಯೆಲ್ಲ ಕಳ್ಳ ಅನ್ನುವುದು ಅವಳಿಗೆ ಆಗಲಿಲ್ಲ. ಅಪ್ಪ ಅವಳ ತುರುಬು ಹಿಡಿದು ಬಾಗಿಲ ಚೌಕಟ್ಟಿಗೆ ಬಡಿದ. ಬಳೆ ಒಡೆದು ಮುಂಗೈ ಹರಿಯಿತು. ಅವಳ ಕಾಲ ಮೇಲೆ ತುಳಿದು ನಿಂತ. ನನಗೂ ಅಪ್ಪನದೇ ಕೋಪ. ಬಾಗಿಲ ಹಿಂದಿನ ತಂತಿ ಕಿತ್ತು, ಚೀಟಿಗಳ ಸಮೇತ ಅಪ್ಪನ ತೋಳಿಗೆ ಚುಚ್ಚಿದೆ. ಆತ ತಿರುಗಿ ಕೊಟ್ಟ ಏಟಿಗೆ ನನ್ನ ಎಡಗಿವಿ ವಾರಗಟ್ಟಲೆ ಗುಂಯ್ ಎನ್ನುತ್ತಿತ್ತು. ಆ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಆಮೇಲೆ ಅಂಗಡಿ ಬದಲಾಯಿತು. ಸಾಮಾನಿಗೆ ನಾನೇ ಹೋಗಬೇಕೆಂದು ಅಪ್ಪ ಆಜ್ಞೆ ಮಾಡಿದ. ಅಮ್ಮನಿಗಾಗಿ ನಾನೂ ಹೆಚ್ಚಿಗೆ ಬರೆಸಲು ನೋಡಿದೆ. ಆದರೆ ಅಪ್ಪ ಮೊದಲೇ ಮೂರು ಅಂಗಡಿಗಳಲ್ಲಿ ರೇಟು ವಿಚಾರಿಸಿಕೊಂಡು ಬರುತ್ತಿದ್ದ. ಅಮ್ಮ ಕುಣಿಗಲ್ ಹೆಸರನ್ನೇ ಎತ್ತಲಿಲ್ಲ, ನನ್ನ ಜೊತೆಯೂ ಬೇಕಾದಷ್ಟೇ ಮಾತು. ಕ್ಷಮಿಸು ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ.

ಮರುವರ್ಷ ದೊಡ್ಡಮ್ಮ ತೀರಿಕೊಂಡರೆಂದು ಸುದ್ದಿ ಬಂತು. ಸಾವಿಗೆ ಹೋಗಬೇಡ ಎನ್ನಲು ಅಪ್ಪನಿಗೂ ಧೈರ್ಯ ಸಾಲಲಿಲ್ಲ. ಬಸ್‌ಚಾರ್ಜು ಎಣಿಸಿ ಕೊಟ್ಟು, "ಹೋಗೋದು ಬರೋದು, ಎರಡು ಟಿಕೆಟ್ಟೂ ತಂದು ತೋರ್ಸು" ಎಂದ.

ಸಂಜೆ ಅಮ್ಮ ಬಂದು, ಹಿತ್ತಲಲ್ಲೇ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ಅಪ್ಪ ಜಗಲಿಯಲ್ಲಿ ಕೂತಿದ್ದ. ಅವನ ಮುಂದೆಯೇ ಹಾದು ನನ್ನ ಹತ್ತಿರ ಬಂದು, ಎರಡು ಟಿಕೆಟ್ಟನ್ನೂ ನನ್ನ ಕೈಯಲ್ಲಿಟ್ಟಳು.

"ತಕೊ. ಸರ್ಯಾಗೈತಾ ನೋಡು."

ನೋಡಿದೆ. ಸರಿಯಾಗಿಯೇ ಇತ್ತು.