ಬ್ರೇಕಿನ ಮೇಲೆ ನನ್ನ ಕಾಲು

ಹೆಂಗಸು ಗಾಡಿ ಓಡಿಸಿದರೆ ಟೈರು ಬೇಗ ಸವೆಯುತ್ತದೆ ಎಂದು ನನಗೆ ಮೊದಲು ಹೇಳಿದವನು ಶೋರೂಮಿನ ಒಬ್ಬ ಮ್ಯಾನೇಜರು. ಇಷ್ಟು ವರ್ಷವಾದರೂ ಅವನ ನಗುಮುಖ ನೆನೆಸಿಕೊಂಡರೆ ಮೈ ಉರಿಯುತ್ತದೆ. ಮರೆತುಬಿಡು ಎಂದು ಮನೆಯವರೆಲ್ಲ ಹೇಳಿ ಆಯಿತು. ಮರೆಯುವ ಇರಾದೆ ನನಗಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಊರಿನ ಹೆಸರು ಚೆನ್ನೈ ಎಂದಾಗಿತ್ತು, ನಮ್ಮ ಬಾಯಲ್ಲಿ ಮಾತ್ರ ಇನ್ನೂ ಮದರಾಸೇ. ಮನೆ ಇದ್ದದ್ದು ಅಣ್ಣಾ ನಗರದಲ್ಲಿ. ಯಜಮಾನರು ರೈಲ್ವೆಯಲ್ಲಿದ್ದರು, ನಾನು ವಿಮಾ ಕಂಪನಿಯೊಂದರಲ್ಲಿ ಕ್ಲೇಮುಗಳನ್ನು ನೋಡುತ್ತಿದ್ದೆ. ಮಂಡಿನೋವಿನ ಅತ್ತೆ, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಇಬ್ಬರು ಮಕ್ಕಳು, ರಜ ಬಂತೆಂದರೆ ಮೈಸೂರಿನಿಂದ ಇಳಿಯುವ ನೆಂಟರು. ಇಷ್ಟು ಜನಕ್ಕೆ ಚಿಕ್ಕ ಕಾರು ಸಾಲದೆಂದು ಆಫೀಸಿನಲ್ಲಿ ಸಾಲ ತೆಗೆದು ದೊಡ್ಡ ಎಸ್‌ಯುವಿ ಕೊಂಡೆ. ಗಾಡಿ ನನ್ನ ಹೆಸರಿನಲ್ಲಿತ್ತು, ಓಡಿಸುತ್ತಿದ್ದವಳೂ ನಾನೇ. ಯಜಮಾನರಿಗೂ ಲೈಸೆನ್ಸ್ ಇತ್ತು, ಆದರೆ ಅದು ಅವರ ಪರ್ಸಿನಲ್ಲಿ ಬೆಚ್ಚಗೆ ಮಲಗಿತ್ತು. ಮೌಂಟ್ ರೋಡಿನ ಟ್ರಾಫಿಕ್ಕು ಕಂಡರೆ ಅವರ ಕೈಕಾಲು ತಣ್ಣಗಾಗುತ್ತಿತ್ತು. ಲೋಕಲ್ ಟ್ರೈನೇ ವಾಸಿ ಎನ್ನುತ್ತಿದ್ದರು.

ಆ ಗಾಡಿಯ ಸ್ಟೀರಿಂಗ್ ಹಿಡಿದರೆ ನನಗೆ ಬೇರೆಯೇ ಜೀವ ಬರುತ್ತಿತ್ತು. ಸಿಗ್ನಲ್ಲಿನಲ್ಲಿ ಆಟೋದವರು ತಲೆಯೆತ್ತಿ ಒಮ್ಮೆ ನೋಡಿ, ನಂಬಿಕೆ ಬಾರದೆ ಇನ್ನೊಮ್ಮೆ ನೋಡುತ್ತಿದ್ದರು. ಮನೆ, ಆಫೀಸು, ಅಡುಗೆ ಎಂದು ಹಂಚಿಹೋದ ದಿನದಲ್ಲಿ ನನ್ನದು ಅಂತ ಇದ್ದದ್ದು ಆ ಸೀಟು ಒಂದೇ. ಪಕ್ಕದ ಸೀಟು ಅತ್ತೆಗೆ ಖಾಯಂ. ಟಿ. ನಗರದ ಸೀರೆ ಅಂಗಡಿಗೆ ಹೊರಟರೂ ಕೋಡಂಬಾಕ್ಕಂನ ಮೂಳೆ ಡಾಕ್ಟರ ಹತ್ತಿರ ಹೊರಟರೂ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಮುಂದೆಯೇ ಕೂರುತ್ತಿದ್ದರು. ತಮ್ಮ ಮಗ ಅಪರೂಪಕ್ಕೆ ಓಡಿಸಿದರೆ ದಾರಿಯುದ್ದಕ್ಕೂ ದೇವರ ನಾಮ ಹೇಳುತ್ತಿದ್ದ ಅವರು ನಾನು ಓಡಿಸುವಾಗ ತೂಕಡಿಸುತ್ತಿದ್ದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಡ ಎಂದುಕೊಂಡಿದ್ದೆ.

ಒಂದು ನವೆಂಬರಿನ ಮಳೆಯಲ್ಲಿ ಪೂನಮಲ್ಲಿ ಹೈ ರೋಡಿನಲ್ಲಿ ಮುಂದಿದ್ದ ಬಸ್ಸು ನಿಂತಿತು. ನಾನೂ ಬ್ರೇಕು ಒತ್ತಿದೆ. ಗಾಡಿ ನಿಲ್ಲಲಿಲ್ಲ. ಸೋಪಿನ ನೀರಿನ ಮೇಲೆ ಕಾಲಿಟ್ಟ ಹಾಗೆ ಸುಯ್ಯನೆ ಜಾರಿ, ಬಸ್ಸಿಗೆ ಗೇಣು ದೂರದಲ್ಲಿ ನಿಂತಿತು. ಅತ್ತೆ ಕಣ್ಣುಬಿಟ್ಟು ಮನೆ ಬಂತಾ ಎಂದರು.

ಮನೆಗೆ ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ಟೈರಿಗೆ ಕೈಯಾಡಿಸಿದೆ. ಹೊರಗಡೆಯ ಅಂಚಿನಲ್ಲಿ ಗೀರುಗಳೆಲ್ಲ ಹೊಸದರ ಹಾಗೇ ಇದ್ದವು. ಒಳಗಡೆಯ ಅಂಚು ಬೋಳು. ಮುಂದಿನ ಟೈರುಗಳಲ್ಲಂತೂ ರಬ್ಬರು ಹೋಗಿ ತಂತಿ ಬೆರಳಿಗೆ ಚುಚ್ಚಿತು. ಹಿಂದಿನವೂ ಅದೇ ದಾರಿ ಹಿಡಿದಿದ್ದವು. ಗಾಡಿಯ ಜೊತೆ ಕಾರ್ಖಾನೆಯಿಂದಲೇ ಬಂದ ಟೈರುಗಳು, ಗಾಡಿಗೆ ಇನ್ನೂ ಒಂದೂವರೆ ವರ್ಷ ತುಂಬಿರಲಿಲ್ಲ.

ಶನಿವಾರ ಶೋರೂಮಿಗೆ ಹೋದೆವು. ಡಾಕ್ಟರ ಹತ್ತಿರ ಹೋಗುವುದಿತ್ತೆಂದು ಅತ್ತೆಯೂ ಇದ್ದರು. ಅವರನ್ನು ಸೋಫಾದ ಮೇಲೆ ಕೂರಿಸಿ ಕಾಫಿ ಕೊಟ್ಟರು. ಮ್ಯಾನೇಜರು ಟೈರನ್ನು ನಿಂತಲ್ಲಿಂದಲೇ ನೋಡಿದ, ಸೊಂಟ ಬಗ್ಗಿಸಲಿಲ್ಲ. ತೊಂದರೆ ವಿವರಿಸುತ್ತಿದ್ದವಳು ನಾನು. ಅವನು ತಿರುಗಿದ್ದು ಯಜಮಾನರ ಕಡೆಗೆ. ಗಾಡಿ ಯಾರು ಓಡಿಸುತ್ತಾರೆ ಎಂದು ತಮಿಳಿನಲ್ಲಿ ಕೇಳಿದ. ಇವರು ನನ್ನನ್ನು ತೋರಿಸಿದರು.

"ಅದಾನೇ ಪಾತ್ತೇನ್" ಎಂದ ಅವನು. ಅದೇ ಅಂದುಕೊಂಡೆ ಅಂತ. ಕಗ್ಗಂಟು ಬಿಡಿಸಿದವನ ಹಾಗೆ ನಕ್ಕ. ಲೇಡೀಸ್ ಬ್ರೇಕಿನ ಮೇಲಿಂದ ಕಾಲು ತೆಗೆಯುವುದಿಲ್ಲ, ಟೈರು ಇನ್ನೇನಾಗಬೇಕು ಸಾರ್ ಎಂದು ಇವರಿಗೇ ಹೇಳಿದ. ನಾನೊಬ್ಬಳು ಅಲ್ಲಿ ನಿಂತಿದ್ದೇನೆ ಎನ್ನುವುದೇ ಅವನಿಗೆ ಲೆಕ್ಕಕ್ಕಿರಲಿಲ್ಲ.

ಬ್ರೇಕಿನಿಂದ ಸವೆದಿದ್ದರೆ ಟೈರು ಪೂರ್ತಿ ಸವೆಯಬೇಕಿತ್ತು, ಒಳ ಅಂಚು ಮಾತ್ರ ಯಾಕೆ ಸವೆಯಿತು ಎಂದು ಕೇಳಿದೆ. ಚಕ್ರಗಳು ನೇರವಾಗಿ ಕೂತಿಲ್ಲ, ಅಲೈನ್‌ಮೆಂಟು ನೋಡಿ ಎಂದೆ. ನೋಡಿದ ಶಾಸ್ತ್ರ ಮಾಡಿದರು. ಮಿಷನ್ನಿನ ಪ್ರಕಾರ ಎಲ್ಲ ಸರಿಯಂತೆ. ಟೈರಿನ ವಾರಂಟಿ ಟೈರ್ ಕಂಪನಿಯವರದು, ಅವರನ್ನೇ ಕೇಳಿ ಎಂದರು. ಅವರಿಗೆ ಆಗಲೇ ಫೋನು ಮಾಡಿದ್ದೆ. ನಮ್ಮ ಟೈರಿನಲ್ಲಿ ದೋಷವಿಲ್ಲ, ಗಾಡಿಯವರನ್ನು ಕೇಳಿ ಎಂದಿದ್ದರು. ಚೆಂಡನ್ನು ಶೋರೂಮಿನವರು ಟೈರಿನವರ ಅಂಗಳಕ್ಕೆ, ಟೈರಿನವರು ಶೋರೂಮಿನವರ ಅಂಗಳಕ್ಕೆ ಎಸೆದುಕೊಂಡು ಕೊನೆಗೆ ಇಬ್ಬರೂ ಸೇರಿ ನನ್ನ ಕಾಲ ಬುಡಕ್ಕೆ ತಂದು ಹಾಕಿದ್ದರು. ನನ್ನ ದನಿ ಏರಿತು. ಮೇಡಂ ಟೆನ್ಷನ್ ಆಗ್ತಾರೆ ಎಂದು ಮ್ಯಾನೇಜರು ಯಜಮಾನರಿಗೆ ಸಮಾಧಾನ ಹೇಳಿದ.

ಆಮೇಲೆ ಒಂದು ದೊಡ್ಡಸ್ತಿಕೆ ತೋರಿಸಿದ. ಟೈರು ಸವೆದದ್ದು ಓಡಿಸಿದ ರೀತಿಯಿಂದ ಎಂದು ಗಾಡಿಯ ಒಡತಿ ಒಂದು ಸಾಲು ಬರೆದುಕೊಟ್ಟರೆ ಹೊಸ ಟೈರುಗಳನ್ನು ಅರ್ಧ ಬೆಲೆಗೆ ಹಾಕಿಸಿಕೊಡುತ್ತಾನಂತೆ. ಯಜಮಾನರ ಮುಖ ಅರಳಿತು.

"ಬರ್ದು ಬಿಸಾಕು. ನಿಮ್ಮಪ್ಪನ ಮನೆ ಗಂಟೇನ್ ಹೋಗುತ್ತೆ?"

ಅಂಥ ಸಾಲು ಏನು ಮಾಡುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಶೋರೂಮಿನಲ್ಲಿ ಇರಲಿಲ್ಲ. ದಾಕ್ಷಿಣ್ಯಕ್ಕೆ ಬರೆದುಕೊಟ್ಟ ಒಂದು ಸಾಲು ಆಮೇಲೆ ಬರೆದವರ ಕುತ್ತಿಗೆಗೇ ಬರುವುದನ್ನು ದಿನಾ ಆಫೀಸಿನಲ್ಲಿ ನೋಡುತ್ತಿದ್ದೆ. ನಾಳೆ ಇದೇ ಗಾಡಿ ಮಳೆಯಲ್ಲಿ ಜಾರಿ ಯಾರಿಗಾದರೂ ಬಡಿದರೆ, ತಪ್ಪು ನನ್ನದೇ ಎಂದು ನಾನೇ ಒಪ್ಪಿಕೊಂಡ ಕೈಬರಹ ಶೋರೂಮಿನ ಬೀರುವಿನಲ್ಲಿರುತ್ತದೆ.

"ನಾನು ಬರ್ಯಲ್ಲ. ನನ್ ಕಾಲ್ ಸರಿಯಾಗೇ ಇದೆ" ಎಂದೆ.

ಅತ್ತೆಯ ಕಡೆ ನೋಡಿದೆ. ದಿನಾ ನನ್ನ ಪಕ್ಕ ಕೂತವರು, ಒಂದು ಮಾತು ಆಡಿಯಾರು ಎಂದು ಕಾದೆ. ಅವರು ಕಾಫಿ ಲೋಟದ ತಳ ನೋಡುತ್ತಿದ್ದರು.

ಮೌಂಟ್ ರೋಡಿನ ಹತ್ತಿರ ಒಂದು ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ನಾಲ್ಕೂ ಟೈರು ಬದಲಾಯಿಸಿದೆ. ಊಟಕ್ಕೆ ಕೂತಾಗ ಯಜಮಾನರು ಮಕ್ಕಳ ಎದುರಿಗೇ, ಹೊಸ ಟೈರು, ಸ್ವಲ್ಪ ದಿನ ನಾನೇ ಓಡಿಸುತ್ತೇನೆ ಎಂದರು. ಸಿಟ್ಟಿನಲ್ಲಿ ಬೀಗದ ಕೈ ಅವರ ತಟ್ಟೆಯ ಪಕ್ಕ ಬಿಸಾಕಿ ಎದ್ದೆ. ಬಿಸಾಕಿದ್ದನ್ನು ವಾಪಸ್ಸು ಕೇಳಲು ಸ್ವಾಭಿಮಾನ ಬಿಡಲಿಲ್ಲ. ಸ್ವಲ್ಪ ದಿನ ಎಂದದ್ದು ವರ್ಷ ದಾಟಿತು.

ಹೀಗೆ ನನ್ನ ಸಾಲದ ಗಾಡಿಯಲ್ಲಿ ಅವರು, ಬಸ್ಸಿನ ಕಂಬಿ ಹಿಡಿದು ನಾನು. ಟ್ರಾಫಿಕ್ಕಿನ ಭಯ ಎಲ್ಲಿ ಹೋಯಿತೋ ಕಾಣೆ. ಭಾನುವಾರ ಎಲ್ಲರೂ ಹೊರಟರೆ ಪ್ರತಿ ಸಿಗ್ನಲ್ಲಿನಲ್ಲೂ ಪಾಠ: ನೋಡು, ಹೀಗೆ ಮೆತ್ತಗೆ ಒತ್ತಬೇಕು. ಮೈಸೂರಿನ ನೆಂಟರು ಬಂದಾಗ ನಮ್ಮವಳ ಕಾಲು ಸ್ವಲ್ಪ ಭಾರ ಕಣ್ರೀ ಎಂದು ಟೈರಿನ ಕತೆ ಹೇಳುತ್ತಿದ್ದರು. ಅವರೆಲ್ಲ ನಗುತ್ತಿದ್ದರು, ನಾನು ಅವರಿಗೆ ಉಪ್ಪಿಟ್ಟು ಬಡಿಸುತ್ತಿದ್ದೆ. ಅಲೈನ್‌ಮೆಂಟು ಬೇರೆ ಕಡೆ ತೋರಿಸಿ ಎಂದು ಎರಡು ಸಲ ಹೇಳಿದೆ. ಮತ್ತೆ ಶುರು ಮಾಡಬೇಡ ಎಂದರು. ಆಮೇಲೆ ಹೇಳುವುದನ್ನು ಬಿಟ್ಟೆ.

ಅವರ ಕೈಯಲ್ಲಿ ಒಂದು ಮಳೆಗಾಲ ಕಳೆದು ಇನ್ನೊಂದು ಬರುವ ಹೊತ್ತಿಗೆ ಗಾಡಿ ಸರ್ವಿಸಿಗೆ ಹೋಯಿತು. ಸಂಜೆ ಇವರು ಬಂದು ಸೋಫಾದ ಮೇಲೆ ಕೂತು, ಬೇರೆ ಟೈರು ಹಾಕಿಸಬೇಕಂತೆ, ಒಳಗಡೆ ಎಲ್ಲ ಬೋಳಾಗಿದೆಯಂತೆ ಎಂದರು. ಅದೇ ಮ್ಯಾನೇಜರು ಅದೇ ಪ್ರಶ್ನೆ ಕೇಳಿದನಂತೆ. ನಾನೇ ಓಡಿಸುವುದು ಎಂದು ಇವರು ಹೇಳಿದರಂತೆ. ಹಾಗಾದರೆ ರೋಡುಗಳೇ ಸರಿಯಿಲ್ಲ ಸಾರ್, ಎಲ್ಲಿ ನೋಡಿದರೂ ಫ್ಲೈಓವರಿಗೆ ಅಗೆದುಹಾಕಿದ್ದಾರೆ ಎಂದನಂತೆ. ಇದನ್ನೆಲ್ಲ ಇವರು ಒಂದಿಷ್ಟೂ ಮುಜುಗರವಿಲ್ಲದೆ, ಕಾರ್ಪೊರೇಷನ್ನಿನವರನ್ನು ಬೈಯುತ್ತಾ ಹೇಳಿದರು.

ನನ್ನ ಗಂಟಲಿನವರೆಗೆ ಬಂದದ್ದು ಹೊರಬೀಳುವ ಮೊದಲೇ ಅತ್ತೆ ಬಾಯಿ ತೆಗೆದರು.

"ಅವ್ಳು ಓಡ್ಸಿದ್ರೆ ಅವ್ಳ ಕಾಲು, ನೀನ್ ಓಡ್ಸಿದ್ರೆ ರೋಡು. ಅಲ್ವೇನೋ?"

ಇವರು ಟಿವಿ ಹಾಕಿದರು. ಟೀಪಾಯಿಯ ಮೇಲಿದ್ದ ಬೀಗದ ಕೈ ನಾನು ಎತ್ತಿಕೊಂಡೆ, ಇವರು ಬೇಡ ಎನ್ನಲಿಲ್ಲ. ತಪ್ಪಾಯಿತು ಎಂದೂ ಅನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ. ಮಾರನೆಯ ದಿನ ಬೇರೆ ವರ್ಕ್‌ಷಾಪಿನಲ್ಲಿ ನಾಲ್ಕೂ ಚಕ್ರಗಳು ಮೊದಲಿನಿಂದಲೂ ಓರೆಯಾಗಿದ್ದವು ಎಂದು ಹೇಳಿ ಸರಿ ಮಾಡಿಕೊಟ್ಟರು. ವಾಪಸ್ಸು ಬರುವಾಗ ಅತ್ತೆ ಪಕ್ಕದಲ್ಲಿದ್ದರು. ಅವರು ನನ್ನ ಪರ ಮಾತಾಡಿದ್ದಕ್ಕೆ ಸಂತೋಷ ಪಡಬೇಕಿತ್ತು. ನನಗೆ ಸಿಟ್ಟೇ ಬಂತು.

"ಅವತ್ತು ಶೋರೂಮಲ್ಲಿ ಯಾಕೆ ಸುಮ್ನಿದ್ರಿ ಅತ್ತೆ?"

ಅವರು ಕೈಚೀಲದ ಹಿಡಿ ಸರಿಮಾಡಿಕೊಂಡರು.

"ಅವತ್ತು ನಾನೂ ನಿನ್ ಕಾಲೇ ಅಂದ್ಕೊಂಡೆ ಕಣೇ" ಎಂದರು.

ಅವರ ಮೇಲೆ ರೇಗಲು ಹೊರಟವಳು ಗೇರು ಬದಲಿಸಿದೆ. ಆ ವರ್ಷವೆಲ್ಲ ಬಸ್ಸಿನಲ್ಲಿ ನಿಂತು ಹೋಗುವಾಗ ಡ್ರೈವರು ಬ್ರೇಕು ಹಾಕಿದಾಗಲೆಲ್ಲ ನನ್ನ ಬಲಗಾಲನ್ನು ನೋಡಿಕೊಳ್ಳುತ್ತಿದ್ದೆ. ಇದರದೇ ತಪ್ಪು ಇದ್ದರೂ ಇರಬಹುದು ಎಂದು ನನಗೂ ಅನ್ನಿಸಿತ್ತು.