ಗೆಳತಿಯ ವೈವಾದಲ್ಲಿ ನಾನು ಕೇಳಿದ ಪ್ರಶ್ನೆ

ಶಾಲಾ ಮನೋವಿಜ್ಞಾನದಲ್ಲಿ ಪಿಎಚ್‌ಡಿ ಮಾಡಲು ನಾವಿಬ್ಬರೂ ಒಬ್ಬರೇ ಗೈಡ್ ಹತ್ತಿರ ಸೇರಿದ್ದೆವು. ಮೊದಲು ಸೇರಿದವಳು ನಾನು, ಮೊದಲು ಮುಗಿಸಿದವಳು ಗೆಳತಿ. ಕಲಬುರಗಿಯಲ್ಲಿ ಅವಳ ಬಹಿರಂಗ ವೈವಾ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆ, ನಡೆದ ದಿನ ಪರೀಕ್ಷಕರಿಗೆಂದು ಶೇಂಗಾ ಹೋಳಿಗೆ ಹೊತ್ತು ತಂದವಳೂ ನಾನೇ. ಹೊಟ್ಟೆಯೊಳಗೆ ಮಾತ್ರ ಬೆಂಕಿ.

ವೈವಾದಲ್ಲಿ ಸಭೆಯಿಂದಲೂ ಪ್ರಶ್ನೆ ಬರಬೇಕು. ಅದಕ್ಕೆ ನಮ್ಮಲ್ಲಿ ಆಪ್ತರಿಗೆ ಸುಲಭದ್ದೊಂದನ್ನು ಮೊದಲೇ ಹೇಳಿಕೊಟ್ಟಿರುತ್ತಾರೆ. ಹಿಂದಿನ ದಿನ ಅವಳು ನನ್ನನ್ನು ಹಿಡಿದಳು.

"ಅಕ್ಕಾ, ಇದರಿಂದ ಮಾಸ್ತರರಿಗೆ ಏನ್ ಉಪಯೋಗ ಅಂತ ಕೇಳು. ಉತ್ತರ ಬಾಯಿಪಾಠ ಮಾಡೀನಿ."

ಹೂಂ ಎಂದೆ.

ಮನೆಯಲ್ಲಿ ಮಾತಾಡುವ, ಶಾಲೆಯಲ್ಲಿ ಬಾಯಿಯೇ ಬಿಡದ ಮಕ್ಕಳನ್ನು ಮಾತಿಗೆ ತರುವುದು ಹೇಗೆ ಎಂಬುದು ಅವಳ ವಿಷಯ. ಕಮಲಾಪುರದ ಶಾಲೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅಲ್ಲಿನ ಒಬ್ಬ ಹುಡುಗಿ ಇವಳೆದುರು ಒಮ್ಮೆಯೂ ತುಟಿಪಿಟಕ್ಕೆನ್ನಲಿಲ್ಲ. ಅದು ಗೊತ್ತಿದ್ದವಳು ನಾನೊಬ್ಬಳೇ. ಸಭೆಯಲ್ಲಿ ನಾನು ಎದ್ದು ನಿಂತಾಗ ಅವಳ ಮುಖ ಅರಳಿತು.

"ಆ ಕಮಲಾಪುರದ ಹುಡುಗಿ ನಿಮ್ಮ ಜೋಡಿ ಒಂದರೆ ಮಾತು ಆಡ್ಯಾಳೇನ್ರೀ?"

ಅವಳು ನನ್ನನ್ನೇ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು.

"ಇಲ್ರೀ. ಆಕಿ ಬಾಜೂಕ ಸುಮ್ನ ಕುಂದರ್ತಿದ್ದೆ, ಏನೂ ಕೇಳ್ತಿರಲಿಲ್ಲ. ಕಡೀಕ ಒಂದಿನ ಆಕಿ ಬೆಂಚಿನ ಗೆಳತಿ ಜೋಡಿ ಮಾತಾಡಿದಳು. ನನಗ ಅಷ್ಟೇ ಬೇಕಿತ್ತು."

ಹೊರಗಿನಿಂದ ಬಂದ ಪರೀಕ್ಷಕರು ಮೇಜು ತಟ್ಟಿದರು. "ಒಳ್ಳೆಯ ಪ್ರಶ್ನೆ, ಅದಕ್ಕಿಂತ ಒಳ್ಳೆಯ ಉತ್ತರ. ನಿಮ್ಮ ಪ್ರಬಂಧ ಯಾವಾಗಮ್ಮಾ?" ಎಂದು ನನ್ನನ್ನು ಕೇಳಿದರು. ನನ್ನದು ಮೂರನೇ ಅಧ್ಯಾಯ ದಾಟಿರಲಿಲ್ಲ. ಗೈಡ್ ನಕ್ಕರು. ಅವಳನ್ನು ಬೀಳಿಸಲು ಹೋಗಿ ಎತ್ತಿ ಕೂರಿಸಿದ್ದೆ.

ಊಟದ ಹೊತ್ತಿಗೆ ಎಲ್ಲರೂ "ಡಾಕ್ಟರ್ ಮೇಡಂ" ಎನ್ನುತ್ತ ಅವಳಿಗೆ ಶಾಲು ಹೊದಿಸುತ್ತಿದ್ದರು. ಆ ಶಾಲು ಮೊದಲು ನನ್ನ ಹೆಗಲಿಗೆ ಬರಬೇಕಿತ್ತು. ನೋಡಲಾಗದೆ ಹಿಂದಿನ ಬೆಂಚಿಗೆ ಹೋಗಿ ಕುಳಿತೆ.

ಅವಳು ಹೋಳಿಗೆಯ ತಟ್ಟೆ ಹಿಡಿದು ಬಂದು ನನ್ನ ಪಕ್ಕ ಕುಳಿತಳು. ಯಾಕೆ ಹಾಗೆ ಕೇಳಿದೆ ಎನ್ನಲಿಲ್ಲ. ಏನನ್ನೂ ಕೇಳಲಿಲ್ಲ. ಸುಮ್ಮನೆ ಹೋಳಿಗೆ ಮುರಿದು ತಿನ್ನುತ್ತಿದ್ದಳು. ನಾನೇನು ಇವಳ ಶಾಲೆಯ ಕೂಸೇ ಎಂದು ಮೈಯೆಲ್ಲ ಉರಿಯಿತು. ಎದ್ದು ಹೋಗಬೇಕೆಂದುಕೊಂಡೆ, ಹೋಗಲಿಲ್ಲ.

"ನಿನ್ನ ಕಂಡ್ರ ನನಗ ಹೊಟ್ಟಿ ಉರೀತದ," ಎಂದುಬಿಟ್ಟೆ.

ಅವಳು ತಟ್ಟೆಯನ್ನು ನನ್ನ ಕಡೆ ಸರಿಸಿದಳು. ನನ್ನ ಗಂಡನಿಗೂ ನಾನು ಹೇಳಿರದ ಮಾತು ಅದು. ಅವಳ ಪ್ರಬಂಧ ಸರಿಯಾಗಿಯೇ ಇತ್ತು, ಹಾಳಾದ್ದು.